ಮೂಲೆಯ ನಾಲ್ಕು ಪಡ್ಡು

ಎರಡನೇ ಸಲ ಒಸಾಕಕ್ಕೆ ಹೊರಟಾಗ ನನ್ನ ಹತ್ತಿರ ಒಂದು ದೂರಿತ್ತು. ಐದು ವರ್ಷದ ಹಿಂದೆ ಅಲ್ಲಿಂದ ಹೊತ್ತು ತಂದ ಕಬ್ಬಿಣದ ಕಾವಲಿಯಲ್ಲಿ ಪಡ್ಡು ಬೇಯುವುದಿಲ್ಲ. ನಡುವಿನವು ಸೀಯುತ್ತವೆ, ಮೂಲೆಯ ನಾಲ್ಕು ಹಿಟ್ಟಾಗಿಯೇ ಉಳಿಯುತ್ತವೆ. ಕಾವಲಿ ಚೌಕ, ನಮ್ಮ ಒಲೆ ದುಂಡು. "ಚಿಕ್ಕಪೇಟೆಯಲ್ಲಿ ಸಿಗ್ತಿರಲಿಲ್ವಾ?" ಎಂದು ಮನೆಯಾಕೆ ಕೇಳದ ಭಾನುವಾರವಿಲ್ಲ.

ಅದು ತಾಕೊಯಾಕಿಯ ಕಾವಲಿ, ನಿಜ. ಆದರೆ ದೋತೊಂಬೊರಿ ಕಾಲುವೆಯ ಪಕ್ಕ ಅದನ್ನು ಹುಯ್ಯುವುದು ಕಂಡ ಯಾವ ಕನ್ನಡಿಗನ ಬಾಯಲ್ಲೂ ಪಡ್ಡು ಎಂದೇ ಬರುತ್ತದೆ. ಅದೇ ಗುಳಿ, ಅದೇ ಚುಂಯ್ ಸದ್ದು, ಕಡ್ಡಿಯಲ್ಲಿ ಮಗುಚುವ ಅದೇ ವರಸೆ. ಒಳಗೆ ಮಾತ್ರ ಆಕ್ಟೋಪಸ್ ತುಂಡು. ಮೇಲೆ ಉದುರಿಸಿದ ಒಣಮೀನಿನ ಹೆರೆ ಬಿಸಿಗೆ ಜೀವವಿದ್ದಂತೆ ತೊನೆಯುತ್ತದೆ. ನಾನು ಎರಡು ಹೆಜ್ಜೆ ಹಿಂದೆ ಸರಿದಿದ್ದೆ. 1935ರಲ್ಲಿ ಇದೇ ಊರಲ್ಲಿ ಹುಟ್ಟಿದ ತಿಂಡಿಯಂತೆ. ನಮ್ಮ ಪಡ್ಡಿಗೆ ಜಾತಕ ಬರೆಸಿದವರಿಲ್ಲ.

ಕ್ಯೋಟೊದವರು ಉಟ್ಟು ಹಾಳಾದರು, ಒಸಾಕದವರು ತಿಂದು ಹಾಳಾದರು ಎಂಬರ್ಥದ ಗಾದೆ ಅಲ್ಲಿದೆ. ತಿನ್ನದೇನು ಮಾಡಿಯಾರು? ಶೋಗುನ್‌ಗಳ ಕಾಲದಲ್ಲಿ ಎಷ್ಟೋ ಪಾಳೆಯಗಾರರ ಅಕ್ಕಿ ಇಲ್ಲಿಗೇ ಬಂದು ಬೀಳುತ್ತಿತ್ತು. 1730ರಲ್ಲೇ ದೋಜಿಮಾದಲ್ಲಿ ಅಕ್ಕಿಯ ವಾಯಿದೆ ವ್ಯಾಪಾರಕ್ಕೆ ಸರ್ಕಾರದ ಒಪ್ಪಿಗೆ ಸಿಕ್ಕಿತ್ತು. ಈಗ ತಿಂದು ಹಾಳಾಗುವ ಸರದಿ ಪ್ರವಾಸಿಗರದು. ಕುರೊಮೊನ್ ಮಾರುಕಟ್ಟೆಯ 580 ಮೀಟರ್ ದಾಟುವಷ್ಟರಲ್ಲಿ ಏಡಿಕಾಲು, ಕಡ್ಡಿಗೆ ಚುಚ್ಚಿದ ಮಾಂಸಗಳ ನಡುವೆ ನನಗೆ ದಕ್ಕಿದ್ದು ಆರು ಸ್ಟ್ರಾಬೆರಿ. ತಿಂದ ಮೇಲೆ ಬೆಲೆಯನ್ನು ರೂಪಾಯಿಗೆ ಲೆಕ್ಕ ಹಾಕಿದೆ. ಹಾಕಬಾರದಿತ್ತು.

ಅಲ್ಲಿಂದ ನಡೆದೇ ದೋಗುಯಾಸುಜಿಗೆ ಹೋದೆ. ಸುಮಾರು 150 ಮೀಟರಿನ ಸೂರು ಹೊದ್ದ ಓಣಿ. ಹೋಟೆಲು ಇಡುವವರಿಗೆ ಬೇಕಾದ ಚಾಕು, ಕಾಗದದ ಲಾಂದ್ರ, ಬೋರ್ಡು, ಕೊನೆಗೆ ಗಾಜಿನ ಪೆಟ್ಟಿಗೆಯಲ್ಲಿಡುವ ಪ್ಲಾಸ್ಟಿಕ್ ನೂಡಲ್ಸ್‌ವರೆಗೆ ಎಲ್ಲವೂ ಇಲ್ಲಿದೆ. ಹೋದ ಸಲ ಕಾವಲಿ ಮಾರಿದ ಅಜ್ಜನ ಮುಂದೆ, ಅಲ್ಲಿ ಕಲಿತ ಒಂದೇ ಶಬ್ದ "ಮಾಕೆತೆ" ಅಂದಿದ್ದೆ, ಕಡಿಮೆ ಮಾಡಿಕೊಳ್ಳಿ ಅಂತ. ಅವರು ಬೆಲೆ ಇಳಿಸಲಿಲ್ಲ. ಮರದ ಹಿಡಿಯ ಎರಡು ಕಡ್ಡಿ ಸೇರಿಸಿ "ಒಮಾಕೆ" ಅಂದರು. ನಮ್ಮ ತರಕಾರಿಯವಳು ಹಾಕುವ ಕೊಸರೇ! ಆ ಕಡ್ಡಿಗಳು ನನ್ನ ಕೈಚೀಲದಿಂದ ವಿಮಾನ ನಿಲ್ದಾಣದ ಬುಟ್ಟಿಗೆ ಬಿದ್ದವು.

ಈ ಸಲ ಗಲ್ಲಾದಲ್ಲಿ ಒಬ್ಬ ಹುಡುಗನಿದ್ದ. ಅಜ್ಜನನ್ನು ಕೇಳಲು ಅಳುಕಾಗಿ, ಫೋನಿನಲ್ಲಿದ್ದ ಭಾನುವಾರದ ಪಡ್ಡಿನ ಚಿತ್ರ ತೋರಿಸಿದೆ. ಅವನು ಒಳಗೆ ತಿರುಗಿ ಕೂಗಿದ. ಪರದೆ ಸರಿಸಿಕೊಂಡು ಅದೇ ಅಜ್ಜ, ಸ್ವಲ್ಪ ಬಾಗಿ, ಬಂದರು. ಮೂಲೆಯ ಹಸಿ ಹಿಟ್ಟನ್ನು ದೊಡ್ಡದು ಮಾಡಿ ನೋಡಿದರು. ನನ್ನ ಒಲೆಯ ಚಿತ್ರ ಬೇಕೆಂದು ಬೆರಳಲ್ಲಿ ದುಂಡು ಬರೆದರು. ತೋರಿಸಿದೆ. ಅವರ ಮುಖದಲ್ಲಿ ಮೂಡಿದ ಮರುಕವನ್ನು ನಮ್ಮೂರ ವೈದ್ಯರಲ್ಲೂ ನಾನು ಕಂಡಿಲ್ಲ. ಕೈ ಹಿಡಿದು ಮೂಲೆಗೆ ಕರೆದೊಯ್ದು ಉದ್ದುದ್ದ ಸಾಲು ಬರ್ನರಿನ ಚೌಕ ಒಲೆಯೊಂದನ್ನು ತೋರಿಸಿ, ಬೆಲೆಯ ಚೀಟಿಯನ್ನು ನನ್ನ ಕಡೆಗೆ ತಿರುಗಿಸಿದರು.

ದೂರು ಹೇಳಲು ಬಂದವನಿಗೆ ಒಲೆ! ಕೈಮುಗಿದು ಹೊರಟೆ. ಬಾಗಿಲವರೆಗೂ ಬಂದು, ಏನೂ ಕೊಳ್ಳದವನ ಕೈಗೆ ಒಂದು ಕಡ್ಡಿ ತುರುಕಿದರು. ಅದನ್ನು ಆ ರಾತ್ರಿಯೇ ದೊಡ್ಡ ಪೆಟ್ಟಿಗೆಯ ತಳಕ್ಕೆ, ಕಾಲುಚೀಲದೊಳಗೆ ಸೇರಿಸಿದೆ.