ಹೆಸರಿಲ್ಲದ ಗಾಳಿ

ಸೈಕ್ಲೋನ್ ಅಂದ್ರೆ ಸಮುದ್ರದ ಕಡೆಯವರ ತಾಪತ್ರಯ ಅಂತ ಅನ್ಕೊಂಡಿದ್ದೆ. ನಮ್ಮ ಸುರಪುರಕ್ಕೂ ಸಮುದ್ರಕ್ಕೂ ಏನು ಸಂಬಂಧ?

2020ರ ಅಕ್ಟೋಬರ್ 13ರಂದು ಬಂಗಾಳ ಕೊಲ್ಲಿಯ ವಾಯುಭಾರ ಕುಸಿತವೊಂದು ಕಾಕಿನಾಡದ ಹತ್ತಿರ ದಡ ದಾಟಿತು. ಅಲ್ಲಿಂದ ನಮ್ಮೂರು ಸುಮಾರು 580 ಕಿ.ಮೀ. ತೆಲಂಗಾಣ ದಾಟಿ ನಮ್ಮ ಕಡೆ ಬರೋ ಹೊತ್ತಿಗೆ ಟಿವಿಯಲ್ಲಿ 'ದುರ್ಬಲಗೊಂಡಿದೆ' ಅಂದ್ರು. ನಾನು ಆರಾಮಾಗಿ ಮಲಗಿದೆ.

ಮಳೆ ನಿಂತ ಮೇಲೆ ಹೊಲಕ್ಕೆ ಹೋದ್ರೆ, ನಾರಾಯಣಪುರ ಕಾಲುವೆ ನೀರಲ್ಲಿ ಬೆಳೆದ ಭತ್ತ ಪೂರ್ತಿ ಮಲಗಿತ್ತು.

"ಅಪ್ಪಾ, ಗಾಳಿ ಅಷ್ಟೇನ್ ಜೋರ್ ಇರ್ಲಿಲ್ಲಲ್ಲ?"

ಅಪ್ಪ ಒಂದು ದಂಟು ಎತ್ತಿ ಹಿಡಿದ. "ತೆನಿ ನೀರ್ ಕುಡದಾದ, ನೆಲ ಮೆತ್ತಗಾಗ್ಯಾದ. ಬೀಳಾಕ ಇನ್ನೆಷ್ಟ್ ಗಾಳಿ ಬೇಕು?"

ಫಸ್ಟ್ ಇಯರ್‌ನಲ್ಲಿ ಕ್ಯಾಂಟಿಲಿವರ್ ಬೀಮ್ ಓದುವಾಗ ಆ ದಂಟೇ ನೆನಪಾಯ್ತು. ತುದಿಯಲ್ಲಿ ಭಾರ, ಬುಡದಲ್ಲಿ ಸಡಿಲ ಹಿಡಿತ. ದಡ ದಾಟಿದ ಮೇಲೆ ಬಿಸಿ ಸಮುದ್ರದ ಆವಿ ಸಿಗದೆ ಗಾಳಿ ಸೋಲುತ್ತೆ. ಆದ್ರೆ ಹೊತ್ತು ತಂದ ತೇವ ಮಳೆಯಾಗಿ ಸುರೀತಾನೇ ಇರುತ್ತೆ. ಆ ಸಲ ಭೀಮಾ ನದಿಗೂ ಪ್ರವಾಹ ಬಂತು.

ಮಲಗಿದ ಬೆಳೆ ಕೊಯ್ಯೋಕೆ ಮಷಿನ್‌ಗೆ ಡಬಲ್ ಟೈಮ್ ಹಿಡೀತು, ಬಾಡಿಗೆನೋ ಗಂಟೆ ಲೆಕ್ಕ. ಕೆಳಗಿದ್ದ ಕಾಳು ಮೊಳಕೆ ಒಡೆದಿತ್ತು. ಆನ್‌ಲೈನ್ ಕ್ಲಾಸಿಗೆ ಕೊಡಿಸ್ತೀನಿ ಅಂದಿದ್ದ ಫೋನ್ ಬರಲಿಲ್ಲ. ನಾನೂ ಕೇಳಲಿಲ್ಲ.

ಗಾಳಿ ಗಂಟೆಗೆ 62 ಕಿ.ಮೀ. ಮುಟ್ಟಿದ್ರೆ ಮಾತ್ರ ಚಂಡಮಾರುತ ಅಂತ ಹೆಸರಿಡ್ತಾರೆ. ಇದಕ್ಕೆ ಹೆಸರೇ ಇರಲಿಲ್ಲ. ಈಗಲೂ ನ್ಯೂಸಲ್ಲಿ 'ದುರ್ಬಲ' ಅಂತ ಕೇಳಿದ್ರೆ ಹಾಸ್ಟೆಲ್‌ನಿಂದ ಮನೆಗೆ ಫೋನ್ ಹಚ್ತೀನಿ.

"ಅಪ್ಪಾ, ತೆನಿ ಕಟ್ಯಾದೇನು?"