ಬೂದುಗುಂಬಳದ ಮರುದಿನ

ವಿಜಯದಶಮಿ ಬೆಳಗ್ಗೆ ಬೆಂಗಳೂರಿನ ನಮ್ಮ ಬೀದಿ ತುಂಬ ಒಡೆದ ಬೂದುಗುಂಬಳ. ಕುಂಕುಮ ಮೆತ್ತಿದ ತಿರುಳು, ಬಾಡಿದ ಬಾಳೆಕಂದು, ರಾಶಿ ಚೆಂಡುಹೂವು. ಆಯುಧಪೂಜೆಗೆ ಅಂತ ನಾನೂ ಕೆ.ಆರ್. ಮಾರ್ಕೆಟ್ಟಿನಲ್ಲಿ ಚೌಕಾಸಿ ಮಾಡಿ ಹೊತ್ತು ತಂದವನೇ: ಕಾರಿಗೊಂದು, ಸ್ಕೂಟರಿಗೊಂದು. (ಮಿಕ್ಸಿಗೂ ಹೂವಿನ ಹಾರ ಬಿತ್ತು, ಅದು ಬೇರೆ ಮಾತು.)

ಗುಡಿಸಲು ಬಂದ ಪೌರಕಾರ್ಮಿಕ ಅಕ್ಕ ಬಗ್ಗಿ, ತಿರುಳಿನೊಳಗಿಂದ ಒಂದು ರೂಪಾಯಿ ನಾಣ್ಯ ಹೆಕ್ಕಿ ಸೆರಗಿಗೆ ಒರೆಸಿಕೊಂಡರು. ಆಮೇಲೆ ಒಂದು ದೊಡ್ಡ ಹೋಳನ್ನು ಪೊರಕೆಯಿಂದ ಹೊರಳಿಸಿ, "ಎಷ್ಟು ಮನೆಗೆ ಮಜ್ಜಿಗೆಹುಳಿ ಆಗ್ತಿತ್ತು ಅಲ್ವಾ ಸಾರ್?" ಅಂದರು, ನಗುತ್ತಲೇ.

"ಇವತ್ತೂ ರಜೆ ಇಲ್ವಾ ಅಕ್ಕ?"

"ಇವತ್ತೇ ಅಲ್ವಾ ಸಾರ್ ಕೆಲಸ ಜಾಸ್ತಿ!"

ನಮ್ಮ ಗೇಟಿನ ಮುಂದಿನ ಎರಡು ನನ್ನವೇ. ಪೊರಕೆ ಕೇಳಿದೆ. ಕೊಡಲಿಲ್ಲ.