ಹೆಗಲ ಬಂದೂಕು, ಟೊಂಕದ ಪಿಸ್ತೂಲು

ನಮ್ಮ ಅರಭಾವಿ ಕಡೆ ಬಂದೂಕಿಗೆ ಎರಡೇ ಜಾಗ. ಒಂದು ಹೆಗಲು, ಇನ್ನೊಂದು ಟೊಂಕ. ಹೆಗಲಿನದು ಅಜ್ಜಂದಿರ ಕಾಲದ್ದು. ಉದ್ದ ನಳಿಗೆ, ಕಟ್ಟಿಗೆಯ ಹಿಡಿ, ಕಬ್ಬಿನ ಹೊಲದ ಆ ತುದಿಯಿಂದಲೇ ಕಾಣುತ್ತದೆ. ಟೊಂಕದ್ದು ಈಗಿನವರದು. ಅಂಗಿಯ ಕೆಳಗೆ ಇರುತ್ತದೆ, ಕಣ್ಣಿಗೆ ಬೀಳುವುದಿಲ್ಲ, ಆದರೆ ಇದೆ ಎಂಬುದು ಊರಿಗೆಲ್ಲ ಗೊತ್ತಿರುತ್ತದೆ. ಈ ಎರಡರ ನಡುವೆ ನಮ್ಮ ಮನೆಯಲ್ಲಿ ಎದ್ದ ವಾದ ಇನ್ನೂ ತಣ್ಣಗಾಗಿಲ್ಲ.

ಅಜ್ಜನ ಹತ್ತಿರ ಇರುವುದು ಹನ್ನೆರಡು ಬೋರಿನ ಡಬಲ್ ಬ್ಯಾರಲ್ ಬಂದೂಕು. ಕಾಲುವೆ ನೀರು ಬಂದ ಮೇಲೆ ನಮ್ಮ ಭಾಗದಲ್ಲಿ ಜೋಳದ ಜಾಗವನ್ನು ಕಬ್ಬು ಹಿಡಿಯಿತು; ಕಬ್ಬಿನ ಜೊತೆಗೆ ಕಾಡಹಂದಿಯೂ ಬಂತು. ರಾತ್ರಿ ಹೊಲಕ್ಕೆ ಹೋಗುವಾಗ ಅಜ್ಜ ಬಂದೂಕನ್ನು ಹೆಗಲಿಗೆ ಹಾಕಿಕೊಂಡು ಹೋಗುತ್ತಿದ್ದ, ಗಾಳಿಯಲ್ಲಿ ಒಂದು ಬಾರು ಹಾರಿಸಿ ಬರುತ್ತಿದ್ದ. ಅದರಿಂದ ಹಂದಿ ಸತ್ತದ್ದನ್ನು ನಾನು ನೋಡಿಲ್ಲ. ಖಂಡೇನವಮಿಯ ದಿನ ಅದು ಕುಡಗೋಲು, ಕೊಡಲಿ, ರಂಟಿಗಳ ಸಾಲಿನಲ್ಲಿ ಕುಂಕುಮ ಹಚ್ಚಿಸಿಕೊಂಡು ಕೂತಿರುತ್ತಿತ್ತು. ಆದರೆ ಬೆಳಗಾವಿಗೆ ಲೈಸೆನ್ಸ್ ನವೀಕರಣಕ್ಕೆ ಒಯ್ಯುವಾಗ ಅಜ್ಜ ಅದನ್ನು ದಪ್ಪ ಬಟ್ಟೆಯ ಚೀಲದಲ್ಲಿ ಹಾಕಿ ಬಾಯಿ ಕಟ್ಟುತ್ತಿದ್ದ. 'ಬಸ್ಸಿನ್ಯಾಗ ಸಣ್ಣ ಹುಡುಗೋರು ಕುಂತಿರ್ತಾವು, ಅಂಜತಾವು' ಎನ್ನುತ್ತಿದ್ದ.

ಅಜ್ಜನಿಗೆ ಎಪ್ಪತ್ತು ದಾಟಿ ಬಹಳ ವರ್ಷವಾಯಿತು. ಲೈಸೆನ್ಸುದಾರನಿಗೆ 70 ವರ್ಷ ತುಂಬಿದ್ದರೆ, ಅಥವಾ ಬಂದೂಕು ಅವನ ಬಳಿ 25 ವರ್ಷ ಇದ್ದರೆ, ಅವನು ಬದುಕಿರುವಾಗಲೇ ವಾರಸುದಾರರು ಅದಕ್ಕೆ ಲೈಸೆನ್ಸ್ ಕೇಳಲು 2016ರ ಆಯುಧ ನಿಯಮಗಳಲ್ಲಿ ದಾರಿ ಇದೆ. ಮನೆಯಲ್ಲಿ ಅರ್ಜಿ ಬರೆಯುವ ಕೆಲಸ ಯಾವಾಗಲೂ ನನ್ನ ಪಾಲಿಗೆ. ಆದ್ದರಿಂದ ಅಜ್ಜ ನನ್ನನ್ನು ಕರೆಸಿದ. ಬಂದೂಕು ಕಾಕಾನ ಮಗನ ಹೆಸರಿಗೆ ಆಗಲಿ ಎಂದು ಅವನ ಮನಸ್ಸು. ಹೊಲ ನೋಡುವವನು ಅವನೇ. ಜೊತೆಗೆ ರಸ್ತೆ, ಚರಂಡಿಗಳ ಗುತ್ತಿಗೆಯನ್ನೂ ಹಿಡಿಯುತ್ತಾನೆ. ಆದರೆ ತಮ್ಮನಿಗೆ ಆ ಬಂದೂಕು ಬೇಕಾಗಿರಲಿಲ್ಲ.

'ಅಣ್ಣಾ, ಅದನ್ನ ಹೊತ್ಕೊಂಡು ಎಲ್ಲಿ ತಿರಗಲಿ? ಜನ ನಗ್ತಾರ. ಅದನ್ನ ಮಾರಿ ಒಂದು ರಿವಾಲ್ವರ್ ಮಾಡ್ಕೊಳ್ಳೂಣು. ಟೊಂಕದಾಗ ಇದ್ರ ಇದ್ದದ್ದೂ ಗೊತ್ತಾಗೂದಿಲ್ಲ.'

ಕಟ್ಟೆಯ ಮೇಲೆ ಕೂತಿದ್ದ ಅಜ್ಜ ಕೇಳಿದ: 'ಗೊತ್ತಾಗೂದಿಲ್ಲ ಅಂದ ಮ್ಯಾಲ ಯಾಕ ಬೇಕೋ ಅದು?'

ಅಜ್ಜನಿಗೆ ಕಾಯ್ದೆ ಓದಲು ಬರುವುದಿಲ್ಲ. ನಾನು ಅರ್ಜಿಯ ನೆಪದಲ್ಲಿ ಓದಿದೆ. 1959ರ ಆಯುಧ ಕಾಯ್ದೆಯ 13ನೆಯ ಕಲಮಿನಲ್ಲಿ ಒಂದು ಅಳತೆ ಇದೆ: 20 ಇಂಚು. ಆತ್ಮರಕ್ಷಣೆಗೋ ಕ್ರೀಡೆಗೋ 20 ಇಂಚಿಗಿಂತ ಕಡಿಮೆಯಿಲ್ಲದ ನಳಿಗೆಯ, ಒಳಮೈ ನುಣುಪಾದ ಬಂದೂಕು ಕೇಳಿದರೆ, ಅಥವಾ ನಿಜವಾಗಿಯೂ ಬೆಳೆ ಕಾಯಲು ಮದ್ದು ತುಂಬುವ ನಾಡಬಂದೂಕು ಕೇಳಿದರೆ, ಬೇರೆ ಅಡ್ಡಿಗಳಿಲ್ಲದಿದ್ದಲ್ಲಿ ಅಧಿಕಾರಿ ಲೈಸೆನ್ಸ್ ಕೊಡತಕ್ಕದ್ದು. ಪಿಸ್ತೂಲು, ರಿವಾಲ್ವರುಗಳಿಗೆ ಆ ಸೌಲಭ್ಯವಿಲ್ಲ. ಅವನ್ನು ಕೇಳುವವನ ಬಳಿ ತಕ್ಕ ಕಾರಣವಿದೆ ಎಂದು ಅಧಿಕಾರಿಗೆ ಮನವರಿಕೆಯಾಗಬೇಕು. 20 ಇಂಚಿನ ನಳಿಗೆಯನ್ನು ಅಂಗಿಯೊಳಗೆ ಬಚ್ಚಿಡಲಾಗದು. ಎದುರಿಗೆ ಕಾಣುವ ಆಯುಧವನ್ನು ಕಾಯ್ದೆ ತುಸು ನಂಬುತ್ತದೆ, ಟೊಂಕಕ್ಕೆ ಸೇರುವುದನ್ನು ಕಾರಣ ಕೇಳುತ್ತದೆ ಎಂದು ನಾನು ಓದಿಕೊಂಡೆ.

ಅದೇ ಸರಕಾರದ 2016ರ ನಿಯಮಗಳು ಇನ್ನೊಂದು ಮಾತು ಹೇಳುತ್ತವೆ. ಸಾರ್ವಜನಿಕ ಜಾಗದಲ್ಲಿ ಕೈಬಂದೂಕು ಒಯ್ಯುವವನು ಅದನ್ನು ಅದಕ್ಕೆಂದೇ ಮಾಡಿದ ಒರೆಯಲ್ಲೋ ಚೀಲದಲ್ಲೋ ಇಡಬೇಕು, ಅದು ಪೂರ್ತಿ ಮುಚ್ಚಿರಬೇಕು, ಅವನ ಹಿಡಿತದಲ್ಲಿರಬೇಕು. ತೆಗೆದು ಝಳಪಿಸುವುದಂತೂ ಪೂರ್ತಿ ನಿಷಿದ್ಧ. ಅಂದರೆ ನಮ್ಮ ದೇಶದಲ್ಲಿ ರಿವಾಲ್ವರಿಗೆ ಲೈಸೆನ್ಸ್ ಸಿಕ್ಕವನೂ ಅದನ್ನು ಸಂತೆಯಲ್ಲಿ ಪ್ರದರ್ಶನಕ್ಕೆ ಇಡುವ ಹಾಗಿಲ್ಲ.

ಇದನ್ನೆಲ್ಲ ಫೋನಿನಲ್ಲಿ ಹೇಳಿದಾಗ ಅಮೆರಿಕದ ಡಾಲಸ್‌ನಲ್ಲಿರುವ ನನ್ನ ಬಾಲ್ಯದ ಗೆಳೆಯ ನಕ್ಕ. ಅವರ ಟೆಕ್ಸಾಸ್ ರಾಜ್ಯದಲ್ಲಿ ಲೈಸೆನ್ಸ್ ಇದ್ದವರು ಪಿಸ್ತೂಲನ್ನು ಒರೆಯಲ್ಲಿಟ್ಟು ಎಲ್ಲರಿಗೂ ಕಾಣುವಂತೆ ತಿರುಗಲು 2016ರ ಜನವರಿಯಿಂದ ಅವಕಾಶವಾಯಿತು. 2021ರಲ್ಲಿ ಬಹುಪಾಲು ಜನರಿಗೆ ಆ ಲೈಸೆನ್ಸೂ ಬೇಡವೆಂದಾಯಿತು. ಅಲ್ಲಿನ ಅಂಗಡಿ ಬಾಗಿಲುಗಳಲ್ಲಿ ಎರಡು ಬಗೆಯ ಫಲಕಗಳಿರುತ್ತವಂತೆ: ಮುಚ್ಚಿಟ್ಟುಕೊಂಡ ಪಿಸ್ತೂಲಿನೊಡನೆ ಬರಬೇಡಿ ಎನ್ನಲು 30.06 ಅಂಕಿಯದು, ತೋರಿಸಿಕೊಂಡು ಬರಬೇಡಿ ಎನ್ನಲು 30.07 ಅಂಕಿಯದು. ಇಲಿನಾಯ್ ರಾಜ್ಯದಲ್ಲಿ ಇದರ ತಿರುವುಮುರುವು. ಲೈಸೆನ್ಸ್ ಇದ್ದವರು ಮುಚ್ಚಿಟ್ಟುಕೊಂಡು ಹೋಗಬಹುದು, ತೋರಿಸುವಂತಿಲ್ಲ. ಕಂಡರೆ ಕಳ್ಳ ಹಿಂಜರಿಯುತ್ತಾನೆ ಎನ್ನುವುದು ಒಂದು ಪಕ್ಷ. ಕಾಣದಿದ್ದರೆ ಯಾರ ಬಳಿ ಇದೆಯೆಂದು ತಿಳಿಯದೆ ಎಲ್ಲರೆದುರೂ ಹಿಂಜರಿಯುತ್ತಾನೆ ಎನ್ನುವುದು ಇನ್ನೊಂದು ಪಕ್ಷ. ಗೆಳೆಯ ಅಂದ, 'ಎರಡೂ ಕಡೆಯವರು ಕಳ್ಳನ ಮನಸ್ಸನ್ನೇ ಲೆಕ್ಕ ಹಾಕ್ತಾರ. ಹಾಲು ತರಾಕ ಹೋದ ನನ್ನ ಮನಸ್ಸು ಯಾರ ಲೆಕ್ಕದಾಗೂ ಇಲ್ಲ.'

ಆಯುಧ ಯಾರ ಕಣ್ಣಿಗೆ ಬೀಳಬೇಕು ಎಂಬ ಜಗಳ ನಮ್ಮ ನೆಲಕ್ಕೆ ಹೊಸದಲ್ಲ. ನಮ್ಮಿಂದ ಪೂರ್ವಕ್ಕೆ, ಮುಧೋಳ ತಾಲ್ಲೂಕಿನಲ್ಲಿ ಹಲಗಲಿ ಇದೆ. ಹತ್ತನೆಯ ತರಗತಿಯ ಕನ್ನಡ ಪಠ್ಯದಲ್ಲಿ ಹಲಗಲಿ ಬೇಡರ ಲಾವಣಿ ಓದಿದವರಿಗೆ ಆ ಹೆಸರು ಗೊತ್ತು. 1857ರ ದಂಗೆಯ ಬೆನ್ನಿಗೆ ಕಂಪನಿ ಸರಕಾರ ನಿಶ್ಶಸ್ತ್ರೀಕರಣ ಕಾಯ್ದೆ ತಂದು, ಅನುಮತಿಯಿಲ್ಲದ ಆಯುಧಗಳನ್ನು ಒಪ್ಪಿಸಿ ಎಂದಿತು. ಬೇಡರು ಒಪ್ಪಿಸಲಿಲ್ಲ. ಬೇಟೆ, ಕಾವಲು, ಮಾನ ಎಲ್ಲವೂ ಅವರಿಗೆ ಅದರಲ್ಲೇ ಇತ್ತು. ನವೆಂಬರ್ ಕೊನೆಯಲ್ಲಿ ದಂಡು ಬಂದು ಊರನ್ನು ಸುಟ್ಟಿತು. ಡಿಸೆಂಬರಿನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಸೇರಿ 19 ಜನರನ್ನು ಗಲ್ಲಿಗೇರಿಸಿದರು. ಆ ಶಿಕ್ಷೆಯನ್ನು ಮುಚ್ಚಿಡಲಿಲ್ಲ. ಜನ ನೋಡಲೆಂದೇ ನೆರವೇರಿಸಿದರು. ಆಯುಧವನ್ನು ಎಲ್ಲರೆದುರು ಹಿಡಿಯುವ ಹಕ್ಕು ಯಾರದು ಎಂದು ಅದರಲ್ಲೇ ಹೇಳಿಬಿಟ್ಟರು.

ಇದೇ ಕಾಯ್ದೆ ಕೊಡಗಿನಲ್ಲಿ ಬೇರೆ ಮುಖ ತೋರಿಸಿತು. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಅದರಿಂದ ವಿನಾಯಿತಿ ಕೊಟ್ಟ. ಅವರ ನಿಷ್ಠೆಯ ಮೇಲೆ ಸರಕಾರಕ್ಕೆ ನಂಬಿಕೆಯಿತ್ತು. ಆ ವಿನಾಯಿತಿ ಸ್ವಾತಂತ್ರ್ಯದ ನಂತರವೂ ಉಳಿಯಿತು. 2019ರಲ್ಲಿ ಕೇಂದ್ರ ಸರಕಾರ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಅದನ್ನು 2029ರ ತನಕ ವಿಸ್ತರಿಸಿತು. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜೆ ಮಾಡುವ ಚಿತ್ರ ಪ್ರತಿವರ್ಷ ಪತ್ರಿಕೆಗಳಲ್ಲಿ ಬರುತ್ತದೆ, ನೋಡಲು ಚೆಂದ. ಆದರೆ ಆ ಚಿತ್ರ ನೋಡಿದಾಗಲೆಲ್ಲ ನನಗೆ ಹಲಗಲಿ ನೆನಪಾಗುತ್ತದೆ. ಒಂದೇ ಕಾಯ್ದೆ, ಒಂದೇ ನುಡಿಯ ನಾಡು. ಒಂದು ಕಡೆ ಹೆಗಲ ಮೇಲಿನ ಆಯುಧ ಸಂಪ್ರದಾಯವಾಯಿತು, ಇನ್ನೊಂದು ಕಡೆ ಕೊರಳಿಗೆ ಹಗ್ಗವಾಯಿತು.

ಈ ಅವಮಾನ ಬಹಳ ಕಾಲ ಉಳಿಯಿತು. 1878ರ ಆಯುಧ ಕಾಯ್ದೆ ಭಾರತೀಯರಿಗೆ ಲೈಸೆನ್ಸ್ ಕೇಳಿ ಯುರೋಪಿಯನ್ನರನ್ನು ಹೊರಗಿಟ್ಟಿತು. ಅದಕ್ಕೇ ಇರಬೇಕು, 1931ರ ಕರಾಚಿ ಕಾಂಗ್ರೆಸ್ಸಿನ ಮೂಲಭೂತ ಹಕ್ಕುಗಳ ಪಟ್ಟಿಯಲ್ಲಿ, ಕಟ್ಟುಪಾಡುಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕೂ ಇತ್ತು. ಸಂವಿಧಾನ ಬರುವ ಹೊತ್ತಿಗೆ ಅದು ಪಟ್ಟಿಯಲ್ಲಿ ಉಳಿಯಲಿಲ್ಲ. 19ನೆಯ ವಿಧಿ ಕೊಟ್ಟದ್ದು ಶಾಂತಿಯಿಂದ, ಆಯುಧಗಳಿಲ್ಲದೆ ಸಭೆ ಸೇರುವ ಹಕ್ಕನ್ನು. 'ಆಯುಧಗಳಿಲ್ಲದೆ' ಎಂಬ ಆ ಒಂದು ಮಾತಿನ ತೂಕ ನನಗೆ ತಿಳಿದದ್ದು ಪುಸ್ತಕದಿಂದಲ್ಲ.

ಎರಡು ವರ್ಷದ ಹಿಂದೆ ನಮ್ಮ ಓಣಿಯಲ್ಲಿ ಒಂದು ಬದುವಿನ ತಕರಾರು ಬಂತು. ಹಿರಿಯರು ಗುಡಿಯ ಮುಂದೆ ಕೂತಿದ್ದರು. ಒಬ್ಬ ಮುದುಕ ತನ್ನ ಹೊಲದ ಕಲ್ಲು ಎಲ್ಲಿತ್ತು, ಯಾವ ಬೇಸಿಗೆಯಲ್ಲಿ ಅದು ಸರಿಯಿತು ಎಂದು ಎದ್ದು ನಿಂತು ಹೇಳುತ್ತಿದ್ದ. ಎದುರಿನ ಕಕ್ಷಿಯವನು ಒಂದು ಮಾತೂ ಆಡಲಿಲ್ಲ. ಕುರ್ಚಿಯಲ್ಲಿ ತುಸು ಹಿಂದಕ್ಕೆ ಒರಗಿ, ಸೆಖೆಯೆಂಬಂತೆ ಅಂಗಿಯ ಅಂಚನ್ನು ಎತ್ತಿ ಗಾಳಿ ಹಾಕಿಕೊಂಡ. ಕರಿ ಒರೆ ಕಂಡಿತು. ಮತ್ತೆ ಅಂಗಿ ಇಳಿಬಿಟ್ಟ. ಮುದುಕ ಹೇಳುತ್ತಿದ್ದ ವಾಕ್ಯ ಅರ್ಧಕ್ಕೇ ನಿಂತಿತು. 'ನೀವು ಹಿರಿಯರು ಹೆಂಗ ಹೇಳ್ತೀರಿ ಹಂಗ' ಎಂದು ಕೂತುಬಿಟ್ಟ. ಯಾರೂ ಬೆದರಿಸಿರಲಿಲ್ಲ. ಠಾಣೆಗೆ ಹೋಗಿ ಏನೆಂದು ದೂರು ಕೊಡುವುದು, ಸೆಖೆಗೆ ಅಂಗಿ ಎತ್ತಿದ ಎಂದೇ? ಆ ಹೊಲದ ಕಲ್ಲು ಈಗಲೂ ಸರಿದ ಜಾಗದಲ್ಲೇ ಇದೆ.

ಪೂರ್ತಿ ಅಡಗಿದ ಆಯುಧದ ಕಥೆಯೂ ನಮಗೆ ಗೊತ್ತಿದೆ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದಲ್ಲಿ ಎಂ. ಎಂ. ಕಲಬುರ್ಗಿಯವರನ್ನು ಅವರ ಮನೆಯ ಬಾಗಿಲಲ್ಲೇ ಗುಂಡಿಕ್ಕಿ ಕೊಂದರು. ವಿದ್ಯಾರ್ಥಿಗಳಿಗೆ, ಓದುಗರಿಗೆ ಆ ಬಾಗಿಲು ತೆರೆದೇ ಇರುತ್ತಿತ್ತು. ಬರುವವರ ಟೊಂಕವನ್ನು ನೋಡಿ ಒಳಗೆ ಬಿಡುವುದು ವಿದ್ವಾಂಸರ ಮನೆಯ ಪದ್ಧತಿಯಲ್ಲ. ಕೊಲೆಗಾರನನ್ನೂ ಲೈಸೆನ್ಸಿನವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ, ನಾನು ತೂಗುತ್ತಿಲ್ಲ. ಆದರೆ ಬಾಗಿಲು ತೆರೆದವರಿಗೆ ಬಂದವನ ಅಂಗಿಯ ಮೇಲ್ಗಡೆ ಮಾತ್ರ ಕಾಣುತ್ತದೆ, ಲೈಸೆನ್ಸ್ ಕಾಣುವುದಿಲ್ಲ.

ಹೀಗೆ ನೋಡುತ್ತಾ ಹೋದಾಗ 'ತೋರಿಸಬೇಕೋ ಮುಚ್ಚಬೇಕೋ' ಎಂಬ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಕೇಳಬೇಕು ಅನಿಸಿತು. ಮುಚ್ಚುವುದರಲ್ಲಿ ಎರಡು ಬಗೆ ಇವೆ. ಬಸ್ಸಿನಲ್ಲಿ ಅಜ್ಜ ಚೀಲದ ಬಾಯಿ ಕಟ್ಟುತ್ತಿದ್ದದ್ದು ಪಕ್ಕದವರು ಅಂಜಬಾರದೆಂದು. 2016ರ ನಿಯಮ ಕೇಳುವುದೂ ಅದನ್ನೇ. ಪಂಚಾಯಿತಿಯಲ್ಲಿ ಕೂತವನು ಅಂಗಿಯಲ್ಲಿ ಮುಚ್ಚಿದ್ದು, ಬೇಕಾದಾಗ ಎತ್ತಿ ಅಂಜಿಸಬಹುದೆಂದು. ಎರಡೂ ಕಾಗದದ ಮೇಲೆ ಮುಚ್ಚಿದ ಆಯುಧಗಳೇ. ತೋರಿಸುವುದರಲ್ಲಿಯೂ ಹಾಗೆಯೇ. ಹೊಲದ ದಾರಿಯಲ್ಲಿ ಅಜ್ಜನ ಹೆಗಲ ಮೇಲಿದ್ದದ್ದನ್ನು ಕಂಡವರು 'ಹಂದಿ ಬಂದಾವೇನ್ರೀ' ಎಂದು ಕೇಳುತ್ತಿದ್ದರು. ಮದುವೆ ಮೆರವಣಿಗೆಯಲ್ಲಿ ಗಾಳಿಗೆ ಗುಂಡು ಹಾರಿಸುವವನನ್ನು ಯಾರೂ ಏನೂ ಕೇಳುವುದಿಲ್ಲ, ದೂರ ಸರಿಯುತ್ತಾರೆ. 2019ರ ತಿದ್ದುಪಡಿ ಅಂಥ ಸಂಭ್ರಮದ ಗುಂಡಿಗೆ ಎರಡು ವರ್ಷದವರೆಗೆ ಜೈಲು, ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ಇಟ್ಟಿದೆ. ಕಂಡಾಗ ಜನ ಮಾತಾಡಿಸುತ್ತಾರೋ ಮಾತು ನಿಲ್ಲಿಸುತ್ತಾರೋ ಎಂಬುದೇ ನನಗೆ ಈಗ ಅಳತೆ. 20 ಇಂಚಿಗಿಂತ ಅದು ಸರಿಯಾದ ಅಳತೆ ಅನಿಸುತ್ತದೆ.

ತಮ್ಮನ ಪಕ್ಷದಲ್ಲಿ ಹುರುಳೇ ಇಲ್ಲ ಅನ್ನಲಾರೆ. ಗುತ್ತಿಗೆಯ ಕೂಲಿ ಬಟವಾಡೆಗೆ ಶನಿವಾರ ರಾತ್ರಿ ಅವನು ರೊಕ್ಕ ಹೊತ್ತು ಒಬ್ಬನೇ ಬೈಕಿನಲ್ಲಿ ಬರುತ್ತಾನೆ. ಗೋಕಾಕದಿಂದ ಬರುವಾಗಲೂ ಹುಕ್ಕೇರಿ ಕಡೆಯಿಂದ ಬರುವಾಗಲೂ ಕತ್ತಲ ದಾರಿ. ಕಾಕು ಅವನು ಬರುವ ತನಕ ಊಟ ಮಾಡುವುದಿಲ್ಲ. ಇದನ್ನೆಲ್ಲ ನಾನು ಅಜ್ಜನಿಗೆ ಹೇಳಿದೆ. ಅಜ್ಜ ಯೋಚಿಸಿ ಅಂದ: 'ರೊಕ್ಕ ಬ್ಯಾಂಕಿನ್ಯಾಗ ಹಾಕಂತ ಹೇಳು. ಕೂಲಿಯವರಿಗೂ ಈಗ ಫೋನಿನ್ಯಾಗ ಬರ್ತೈತಿ ಅಲ್ಲಾ?' ಆಮೇಲೆ ಇನ್ನೊಂದು ಮಾತು ಸೇರಿಸಿದ: 'ಇಲೆಕ್ಷನ್ ಬಂದಾಗ ನಾ ಬಂದೂಕ ಜಮಾ ಮಾಡಾಕ ಠಾಣೇಕ ನಡಕೊಂತ ಹೊಕ್ಕಿದ್ದೆ. ದುರದುಂಡೀಶ್ವರ ಮಠದ ಮುಂದಿಂದ, ಎಲ್ಲಾರೂ ನೋಡೂ ಹಂಗ. ಅವ ತನ್ನದನ್ನ ಹಂಗ ಒಯ್ಯಾಂವ ಇದ್ರ ತಗೊಳ್ಳವಲ್ಲನ್ಯಾಕ.'

ಕೊನೆಗೆ ಎರಡು ಅರ್ಜಿಗಳಾದವು. ಅಜ್ಜನ ಬಂದೂಕನ್ನು ಹೊಲದ ಕಾರಣಕ್ಕೆ ತಮ್ಮನ ಹೆಸರಿಗೆ ಕೇಳುವ ಅರ್ಜಿಯನ್ನು ನಾನು ಬರೆದುಕೊಟ್ಟೆ, ಅಜ್ಜ ಹೆಬ್ಬೆಟ್ಟು ಒತ್ತಿದ. ರಿವಾಲ್ವರಿನದನ್ನು ತಮ್ಮ ತಾನೇ ತಂದು ನನ್ನ ಮುಂದೆ ಇಟ್ಟ. ಹೆಸರು, ತಂದೆಯ ಹೆಸರು, ವಿಳಾಸ ಎಲ್ಲ ತುಂಬಿದೆ. ಕಾರಣದ ಜಾಗದಲ್ಲಿ ಅವನು ಆಗಲೇ ಪೆನ್ಸಿಲಿನಲ್ಲಿ 'ಆತ್ಮರಕ್ಷಣೆ' ಎಂದು ಬರೆದಿದ್ದ.

'ಯಾರಿಂದ ಅಂತ ಬರೀಲಿ?' ಎಂದು ಕೇಳಿದೆ. ಹುಡುಗಾಟಕ್ಕೆ ಕೇಳಿರಲಿಲ್ಲ. ತಕ್ಕ ಕಾರಣ ಎಂದರೆ ಅಧಿಕಾರಿಯೂ ಅದನ್ನೇ ಕೇಳುತ್ತಾನೆ.

ಅವನು ಬಹಳ ಹೊತ್ತು ಸುಮ್ಮನೆ ಕೂತ. ಗುತ್ತಿಗೆಯ ಪೈಪೋಟಿಯ ಇಬ್ಬರ ಹೆಸರು ಹೇಳಿ, ತಾನೇ ಬೇಡವೆಂದ. 'ಅವರೇನ್ ಮಾಡ್ತಾರ, ಒಂದ ತಾಟಿನ್ಯಾಗ ಉಂಡವರು.' ಆಮೇಲೆ ಮೆಲ್ಲಗೆ ಅಂದ: 'ಅವರ ಹತ್ತರ ಐತೆಲ್ಲಣ್ಣಾ. ಮೀಟಿಂಗಿನ್ಯಾಗ ನಾ ಒಬ್ಬಾಂವ ಖಾಲಿ ಕುಂತಿರ್ತನಿ.'

ಆ ಮಾತಿಗೆ ನನ್ನಲ್ಲಿ ಸಿದ್ಧ ಉತ್ತರ ಇರಲಿಲ್ಲ. ಓಣಿಯ ಆ ಮುದುಕನ ಹಾಗೆ ತನ್ನ ಮಾತೂ ಅರ್ಧಕ್ಕೇ ನಿಂತೀತು ಎಂಬ ಅಂಜಿಕೆ ಅವನದು. ಅದು ಸುಳ್ಳು ಅಂಜಿಕೆಯಲ್ಲ. ಆದರೆ ಅವನೂ ಒಂದನ್ನು ಟೊಂಕಕ್ಕೆ ಸಿಗಿಸಿಕೊಂಡು ಕೂತರೆ ಆ ಸಭೆಯಲ್ಲಿ ಮಾತಾಡುವವರು ಇನ್ನೊಬ್ಬರು ಹೆಚ್ಚುವುದಿಲ್ಲ, ಸುಮ್ಮನಾಗುವವರು ಹೆಚ್ಚುತ್ತಾರೆ. ಇದನ್ನೇ ಅವನಿಗೆ ಹೇಳಿದೆ. ಅವನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಪೆನ್ಸಿಲಿನ ಅಕ್ಷರದ ಮೇಲೆ ಇಂಕಿನಿಂದ ತಿದ್ದು ಎಂದೂ ಹೇಳಲಿಲ್ಲ. ಅರ್ಜಿಯನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು, ನೀರು ಬಿಡುವ ಪಾಳಿ ಇದೆಯೆಂದು ಹೊಲಕ್ಕೆ ಹೋದ.